ಅಕ್ಷರದ ಬೇಲಿ

ಚುನಾವಣೆ ಹತ್ತಿರವಾದಾಗ ಓದಿಕೊಂಡವರ ವಲಯದಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ. ಹೆಬ್ಬೆಟ್ಟು ಒತ್ತುವವರಿಗೂ ಪದವೀಧರರಿಗೂ ಒಂದೇ ತೂಕದ ಓಟು ಕೊಟ್ಟರೆ ಒಳ್ಳೆಯ ಸರ್ಕಾರ ಬರುವುದಾದರೂ ಹೇಗೆ ಎಂಬ ಮಾತು. ವಾಹನ ಓಡಿಸುವುದಕ್ಕೇ ಪರೀಕ್ಷೆ ಇರುವಾಗ ಸರ್ಕಾರವನ್ನು ಆರಿಸುವವರಿಂದ ಕನಿಷ್ಠ ಓದುಬರಹವನ್ನಾದರೂ ಏಕೆ ಅಪೇಕ್ಷಿಸಬಾರದು ಎಂದು ಕೇಳುವವರಲ್ಲಿ ಹೆಚ್ಚಿನವರು ಸಜ್ಜನರೇ. ಅವರ ವಾದವನ್ನು ಗೇಲಿ ಮಾಡಿ ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಈ ಆಲೋಚನೆ ಹೊಸದಲ್ಲ. ಅಮೆರಿಕದ ಹಲವು ರಾಜ್ಯಗಳು ಇದನ್ನು ದಶಕಗಟ್ಟಲೆ ಜಾರಿಯಲ್ಲಿಟ್ಟಿದ್ದವು. ಆ ಅನುಭವ ಕಣ್ಣೆದುರಿಗಿರುವಾಗ ಬರೀ ತರ್ಕದ ಮೇಲೆ ತೀರ್ಮಾನಿಸುವ ಅಗತ್ಯ ನಮಗಿಲ್ಲ.

ಅಮೆರಿಕದ ಕಥೆ ಗೊತ್ತಿರುವವರು ಕೂಡ ಸಾಮಾನ್ಯವಾಗಿ ಹೇಳುವುದು ಹೀಗೆ: ಸಾಕ್ಷರತಾ ಪರೀಕ್ಷೆ ಮೂಲತಃ ಒಳ್ಳೆಯ ವಿಚಾರ, ದಕ್ಷಿಣದ ವರ್ಣದ್ವೇಷಿಗಳು ಅದನ್ನು ಕೆಡಿಸಿದರು. ಈ ಸಮಾಧಾನ ಸುಲಭದ್ದು, ಆದರೆ ಇತಿಹಾಸ ಅದಕ್ಕೆ ಒತ್ತಾಸೆಯಾಗಿ ನಿಲ್ಲುವುದಿಲ್ಲ. ಮತದಾರರಿಗೆ ಓದಿನ ಪರೀಕ್ಷೆಯನ್ನು ಮೊದಲು ತಂದದ್ದು ದಕ್ಷಿಣವಲ್ಲ. 1855ರಲ್ಲಿ ಕನೆಕ್ಟಿಕಟ್, 1857ರಲ್ಲಿ ಮ್ಯಾಸಚೂಸೆಟ್ಸ್, ಎರಡೂ ಉತ್ತರದ ರಾಜ್ಯಗಳು. ಮ್ಯಾಸಚೂಸೆಟ್ಸ್ ಅಂತೂ ಸಾರ್ವಜನಿಕ ಶಾಲೆಗಳಿಗೆ, ವಿಶ್ವವಿದ್ಯಾಲಯಕ್ಕೆ ಹೆಸರಾದ ನಾಡು. ಅಲ್ಲಿ ಗುರಿಯಾಗಿದ್ದವರು ಐರ್ಲೆಂಡಿನ ಕ್ಷಾಮದಿಂದ ತಪ್ಪಿಸಿಕೊಂಡು ಬಂದಿದ್ದ ಬಡ ಕ್ಯಾಥೊಲಿಕ್ ವಲಸಿಗರು. ಅವರ ಸಂಖ್ಯೆ ಬೆಳೆಯುತ್ತಿತ್ತು, ಅವರ ಓಟು ಹಳೆಯ ನಿವಾಸಿಗಳಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಕೆಡುವುದಕ್ಕೆ ಮುಂಚಿನ ಶುದ್ಧ ರೂಪವೊಂದು ಈ ಪರೀಕ್ಷೆಗೆ ಎಂದಾದರೂ ಇತ್ತೇ ಎಂಬುದೇ ನನ್ನ ಮೊದಲ ಸಂದೇಹ. ಹುಟ್ಟಿದ ದಿನವೇ ಅದರ ಕಣ್ಣು ಒಂದು ನಿರ್ದಿಷ್ಟ ಜನವರ್ಗದ ಮೇಲಿತ್ತು.

ದಕ್ಷಿಣದವರು ಈ ಉಪಾಯವನ್ನು ಕೈಗೆತ್ತಿಕೊಂಡದ್ದಕ್ಕೆ ಬೇರೊಂದು ಕಾರಣವಿತ್ತು. ಅಂತರ್ಯುದ್ಧದ ನಂತರ 1870ರಲ್ಲಿ ಬಂದ ಸಂವಿಧಾನದ 15ನೇ ತಿದ್ದುಪಡಿ, ಜನಾಂಗ ಅಥವಾ ಬಣ್ಣದ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಸಿಯಬಾರದೆಂದು ಹೇಳಿತ್ತು. ಬಣ್ಣದ ಹೆಸರೆತ್ತದೆ ಬಣ್ಣವನ್ನು ಹೊರಗಿಡುವ ದಾರಿ ಬೇಕಾಗಿತ್ತು. 1890ರಲ್ಲಿ ಮಿಸಿಸಿಪಿ ತನ್ನ ಹೊಸ ಸಂವಿಧಾನದಲ್ಲಿ ತಲೆಗಂದಾಯದ ಜೊತೆಗೆ ಈ ಷರತ್ತನ್ನು ಸೇರಿಸಿತು: ಮತದಾರ ರಾಜ್ಯದ ಸಂವಿಧಾನದ ಯಾವುದಾದರೂ ಭಾಗವನ್ನು ಓದಬೇಕು, ಇಲ್ಲವೇ ಓದಿ ಹೇಳಿದಾಗ ಅರ್ಥ ಮಾಡಿಕೊಳ್ಳಬೇಕು, ಇಲ್ಲವೇ ಅದಕ್ಕೆ ಸಮಂಜಸ ವಿವರಣೆ ಕೊಡಬೇಕು. ಮೇಲುನೋಟಕ್ಕೆ ಇದು ಅನಕ್ಷರಸ್ಥರ ಮೇಲಿನ ದಯೆಯಂತೆ ಕಾಣುತ್ತದೆ. ಓದಲು ಬಾರದಿದ್ದರೂ ಪರವಾಗಿಲ್ಲ, ತಿಳಿದುಕೊಂಡರೆ ಸಾಕು ಎನ್ನುತ್ತದೆ. ಆದರೆ ತಿಳಿದುಕೊಂಡರೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು? ಕೌಂಟಿಯ ನೋಂದಣಿ ಅಧಿಕಾರಿ. ಓದಲು ಬಾರದ ಬಿಳಿಯ ರೈತನನ್ನು ಒಳಗೆ ಬಿಡಲು, ಓದಬಲ್ಲ ಕಪ್ಪು ರೈತನನ್ನು ಹೊರಗೆ ನಿಲ್ಲಿಸಲು ಅದೊಂದೇ ವಾಕ್ಯ ಸಾಕಾಯಿತು. ಕಾನೂನಿನ ಪಠ್ಯದಲ್ಲಿ ಬಣ್ಣದ ಮಾತಿಲ್ಲ ಎಂಬ ಕಾರಣಕ್ಕೆ 1898ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು.

ಅದೇ 1898ರಲ್ಲಿ ಲೂಯಿಸಿಯಾನಾ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಓದುಬರಹ ಬರಬೇಕು ಅಥವಾ ಆಸ್ತಿ ಇರಬೇಕು ಎಂದಿತು. ಆದರೆ 1867ರ ಜನವರಿ 1ಕ್ಕೆ ಮತದ ಹಕ್ಕಿದ್ದವರಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ವಿನಾಯಿತಿ ಕೊಟ್ಟಿತು. ಆ ದಿನ ಅಲ್ಲಿ ಕಪ್ಪು ಜನರಿಗೆ ಮತದ ಹಕ್ಕೇ ಇರಲಿಲ್ಲ. ಅಜ್ಜ ಗುಲಾಮನಾಗಿದ್ದವನಿಗೆ ಪರೀಕ್ಷೆ, ಅಜ್ಜ ಮತದಾರನಾಗಿದ್ದವನಿಗೆ ಪರೀಕ್ಷೆಯಿಲ್ಲ. 1896ರಲ್ಲಿ ಲೂಯಿಸಿಯಾನಾದ ಪಟ್ಟಿಯಲ್ಲಿ 1,30,334 ಕಪ್ಪು ಮತದಾರರಿದ್ದರು. ತಲೆಗಂದಾಯವೂ ಸೇರಿದ ಈ ಹೊಸ ನಿಯಮಗಳ ನಂತರ, 1904ರಲ್ಲಿ, ಉಳಿದವರು 1,342. ಇಂಥ ವಂಶದ ವಿನಾಯಿತಿಗಳನ್ನು ಸುಪ್ರೀಂ ಕೋರ್ಟ್ 1915ರಲ್ಲಿ ಅಸಿಂಧುಗೊಳಿಸಿತು, ಆದರೆ ಪರೀಕ್ಷೆಯನ್ನು ಮುಟ್ಟಲಿಲ್ಲ.

ಈ ವಿಷಯ ಬಂದಾಗ ಜನ ಸಾಮಾನ್ಯವಾಗಿ ನೆನೆಯುವುದು ಲೂಯಿಸಿಯಾನಾದ ಒಂದು ಪ್ರಶ್ನೆಪತ್ರಿಕೆಯನ್ನು. 1964ರ ಸುಮಾರಿಗೆ ಬಳಕೆಗೆ ಬಂದ ಅದರಲ್ಲಿ 30 ಪ್ರಶ್ನೆಗಳು, ಹತ್ತು ನಿಮಿಷದ ಕಾಲಾವಕಾಶ, ಒಂದು ತಪ್ಪಾದರೂ ಅನುತ್ತೀರ್ಣ. ಈ ವಾಕ್ಯದ ಅಂಕಿಯ ಸುತ್ತ ಗೆರೆ ಎಳೆಯಿರಿ, ಮುಂದಿನಿಂದ ಓದಿದರೂ ಹಿಂದಿನಿಂದ ಓದಿದರೂ ಒಂದೇ ಆಗುವ ಪದ ಬರೆಯಿರಿ, ಈ ಬಗೆಯ ಒಗಟುಗಳು. ಎರಡರ್ಥ ಬರುವಂತೆ ಹೆಣೆದ ಪ್ರಶ್ನೆಗೆ ಯಾವ ಉತ್ತರ ಬರೆದರೂ ತಪ್ಪೆನ್ನಬಹುದು. ಅದನ್ನು ನೋಡಿದ ಯಾರಿಗಾದರೂ ಸಿಟ್ಟು ಬರುತ್ತದೆ, ಬರಬೇಕು ಕೂಡ. ಆದರೂ ಈ ಪತ್ರಿಕೆಗೆ ಸಿಕ್ಕಿರುವ ಪ್ರಸಿದ್ಧಿ ನಮ್ಮನ್ನು ದಾರಿ ತಪ್ಪಿಸುತ್ತಿದೆ ಎಂಬುದು ನನ್ನ ಭಾವನೆ. ಪ್ರಶ್ನೆಗಳು ಕುಟಿಲವಾಗಿದ್ದುದೇ ಅನ್ಯಾಯ, ನೇರವಾದ ಪ್ರಶ್ನೆಗಳಿದ್ದರೆ ನ್ಯಾಯವಾಗುತ್ತಿತ್ತು ಎಂಬ ಅಭಿಪ್ರಾಯ ಅದರಿಂದ ಹುಟ್ಟುತ್ತದೆ. ವಾಸ್ತವದಲ್ಲಿ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹೆಚ್ಚಿನ ಜನರನ್ನು ಹಿಂದಕ್ಕೆ ಕಳಿಸಿದ್ದು ಒಗಟುಗಳಲ್ಲ. ಸಂವಿಧಾನದ ಒಂದು ಸಾಧಾರಣ ಪ್ಯಾರಾ ಮತ್ತು ಅದನ್ನು ಆರಿಸಿಕೊಡುವ ಅಧಿಕಾರಿ, ಇಷ್ಟೇ ಸಾಕಿತ್ತು.

ಫ್ಯಾನಿ ಲೂ ಹ್ಯಾಮರ್ ಎಂಬ ಮಹಿಳೆಯ ಅನುಭವ ಇದನ್ನು ಚೆನ್ನಾಗಿ ತೋರಿಸುತ್ತದೆ. ಮಿಸಿಸಿಪಿಯ ಸನ್‌ಫ್ಲವರ್ ಕೌಂಟಿಯ ಹತ್ತಿ ತೋಟವೊಂದರಲ್ಲಿ 18 ವರ್ಷ ದುಡಿದವರು ಅವರು. ಬಡ ಗೇಣಿದಾರರ ಇಪ್ಪತ್ತು ಮಕ್ಕಳಲ್ಲಿ ಕೊನೆಯವರು; ಶಾಲೆ ಬೇಗ ಬಿಟ್ಟರೂ ಓದುಬರಹ ಚೆನ್ನಾಗಿ ಬರುತ್ತಿತ್ತು. ತೋಟದ ಕೂಲಿಯಾಳುಗಳ ಕೆಲಸದ ಲೆಕ್ಕ ಬರೆಯುವ ಹೊಣೆಯೂ ಅವರದ್ದೇ. ಅಂದರೆ, ತನ್ನ ಲೆಕ್ಕಪುಸ್ತಕವನ್ನು ಅವರ ಕೈಗೆ ಕೊಡಲು ಮಾಲೀಕನಿಗೆ ಅವರ ಅಕ್ಷರಜ್ಞಾನ ಸಾಲುತ್ತಿತ್ತು. 1962ರ ಆಗಸ್ಟ್ 31ರಂದು ಇನ್ನೂ 17 ಜನರೊಂದಿಗೆ ಬಸ್ಸಿನಲ್ಲಿ ಇಂಡಿಯಾನೋಲಾ ಪಟ್ಟಣಕ್ಕೆ ಹೋಗಿ ನೋಂದಣಿಗೆ ಅರ್ಜಿ ಹಾಕಿದರು. ಅವರಿಗೆ ವಿವರಿಸಲು ಕೊಟ್ಟದ್ದು ‘ಡಿ ಫ್ಯಾಕ್ಟೋ’ ಕಾನೂನುಗಳಿಗೆ ಸಂಬಂಧಿಸಿದ ಭಾಗ. ವಕೀಲರೂ ಗ್ರಂಥ ನೋಡಿ ಉತ್ತರಿಸುವ ವಿಷಯ. ಅವರು ಅನುತ್ತೀರ್ಣರಾದರು. ಮರಳುವಾಗ ಪೊಲೀಸರು ಬಸ್ಸನ್ನು ತಡೆದು, ಅದರ ಬಣ್ಣ ಸರಿಯಿಲ್ಲವೆಂದು ಚಾಲಕನಿಗೆ ದಂಡ ಹಾಕಿದರು. ಮನೆ ಸೇರಿದ ಮೇಲೆ ತೋಟದ ಮಾಲೀಕ, ಅರ್ಜಿ ವಾಪಸ್ ತೆಗೆದುಕೊಳ್ಳದಿದ್ದರೆ ಜಾಗ ಖಾಲಿ ಮಾಡಬೇಕೆಂದ. ಅಂದೇ ರಾತ್ರಿ ಅವರು ಮನೆ ಬಿಟ್ಟರು. 1963ರ ಜನವರಿಯಲ್ಲಿ ಕೊನೆಗೂ ಪರೀಕ್ಷೆಯಲ್ಲಿ ತೇರ್ಗಡೆಯಾದರು; ಆದರೆ ಮತ ಹಾಕಲು ಹೋದಾಗ ತಲೆಗಂದಾಯ ಕಟ್ಟಿದ ಎರಡು ರಸೀದಿಗಳಿಲ್ಲವೆಂದು ಬಿಡಲಿಲ್ಲ. ಈ ಇಡೀ ಪ್ರಸಂಗದಲ್ಲಿ ಪರೀಕ್ಷೆ ಅಳೆದದ್ದು ಅವರ ಓದನ್ನು ಎಂದು ಹೇಳಲು ನನಗೆ ಒಂದೂ ಆಧಾರ ಕಾಣುವುದಿಲ್ಲ.

ಹ್ಯಾಮರ್ ಹೆಚ್ಚು ಓದಿದವರಲ್ಲ, ಹೆಚ್ಚು ಓದಿದ್ದರೆ ಪಾಸಾಗುತ್ತಿದ್ದರು ಎಂದು ಯಾರಾದರೂ ಹೇಳಬಹುದು. ಆ ವಾದವೂ ನಿಲ್ಲುವುದಿಲ್ಲ. ಅಲಬಾಮಾದ ಸೆಲ್ಮಾ ಪಟ್ಟಣದಲ್ಲಿ 1965ರ ಜನವರಿ 22ರಂದು ನೂರಕ್ಕೂ ಹೆಚ್ಚು ಕಪ್ಪು ಶಿಕ್ಷಕರು ಮತದ ಹಕ್ಕು ಕೇಳಿ ನ್ಯಾಯಾಲಯದ ಕಟ್ಟಡಕ್ಕೆ ಮೆರವಣಿಗೆ ಹೋದರು. ಜೈಲಿಗೆ ಹಾಕಿದರೂ ಸಿದ್ಧರಿರೋಣ ಎಂದು ಹಲ್ಲುಜ್ಜುವ ಬ್ರಷ್ ಕೂಡ ಜೊತೆಗಿಟ್ಟುಕೊಂಡಿದ್ದರು. ಊರಿನ ಮಕ್ಕಳಿಗೆ ಅಕ್ಷರ ಕಲಿಸುವವರನ್ನೇ ಮೆಟ್ಟಿಲಿನಿಂದ ಹಿಂದಕ್ಕೆ ತಳ್ಳಲಾಯಿತು. ಸೆಲ್ಮಾದಲ್ಲಿ ನೋಂದಣಿ ಕಚೇರಿ ಬಾಗಿಲು ತೆರೆಯುತ್ತಿದ್ದುದೇ ಸಾಮಾನ್ಯವಾಗಿ ತಿಂಗಳಿಗೆ ಎರಡು ದಿನ. ಅದೇ ರಾಜ್ಯದ ಟಸ್ಕೀಗಿಯಲ್ಲಿ ಪ್ರಸಿದ್ಧ ವಿದ್ಯಾಸಂಸ್ಥೆಯಿತ್ತು, ಪ್ರಾಧ್ಯಾಪಕರಿದ್ದರು, ವೈದ್ಯರಿದ್ದರು, ಎಲ್ಲ ಕಪ್ಪು ಜನ. ಅವರಲ್ಲಿ ಕೆಲವು ನೂರು ಮಂದಿ ಹೇಗೋ ಪಟ್ಟಿ ಸೇರಿದಾಗ, 1957ರಲ್ಲಿ ಊರಿನ ಗಡಿಯನ್ನೇ 28 ಮೂಲೆಗಳ ಆಕಾರಕ್ಕೆ ತಿರುಚಿ ಹೆಚ್ಚುಕಡಿಮೆ ಅವರೆಲ್ಲರನ್ನೂ ಊರಾಚೆ ಮಾಡಲಾಯಿತು. ಆ ಗಡಿಯ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಿ 1960ರಲ್ಲಿ ಗೆದ್ದ ಚಾರ್ಲ್ಸ್ ಗೊಮಿಲಿಯನ್ ಸಮಾಜಶಾಸ್ತ್ರದ ಪ್ರಾಧ್ಯಾಪಕರು. ಇನ್ನು ಲೂಯಿಸಿಯಾನಾದಲ್ಲಿ, ಸಂವಿಧಾನದ ಒಂದು ಭಾಗವನ್ನು ವಿವರಿಸಲು ಹೇಳಿದಾಗ ಕಾಗುಣಿತ ಕೆಟ್ಟ ಮೂರೇ ಪದ ಗೀಚಿದ ಬಿಳಿಯನೊಬ್ಬನನ್ನು ಅಧಿಕಾರಿ ಉತ್ತೀರ್ಣಗೊಳಿಸಿದ್ದ. 1965ರ ಮಾರ್ಚ್‌ನಲ್ಲಿ ಆ ರಾಜ್ಯದ ವಿವರಣಾ ಪರೀಕ್ಷೆಯನ್ನು ರದ್ದು ಮಾಡಿದ ತೀರ್ಪಿನಲ್ಲಿ ಇದು ದಾಖಲಾಗಿದೆ.

ಪರೀಕ್ಷೆಯಿದ್ದರೆ ಜನ ಕಲಿಯುತ್ತಾರೆ, ಅದು ಅಕ್ಷರಕ್ಕೆ ಪ್ರೋತ್ಸಾಹ ಎಂಬ ವಾದ ಇನ್ನೊಂದಿದೆ. ಇದರಲ್ಲಿ ಸತ್ಯದ ಅಂಶ ಇದೆ, ಹಾಗಾಗಿ ಇದನ್ನು ನಿಧಾನವಾಗಿ ನೋಡಬೇಕು. ಸೌತ್ ಕ್ಯಾರೊಲಿನಾದ ಜಾನ್ಸ್ ದ್ವೀಪದಲ್ಲಿ ಈಸಾ ಜೆಂಕಿನ್ಸ್ ಎಂಬುವರು ಬಸ್ ಓಡಿಸುತ್ತಿದ್ದರು; ದ್ವೀಪದಿಂದ ಚಾರ್ಲ್ಸ್‌ಟನ್ನಿಗೆ ಕೆಲಸಕ್ಕೆ ಹೋಗುವವರಿಗೆ ದಾರಿಯಲ್ಲಿ ರಾಜ್ಯದ ಸಂವಿಧಾನದ ಭಾಗಗಳನ್ನು ಹೇಳಿಕೊಡುತ್ತಿದ್ದರು. 1957ರ ಜನವರಿಯಲ್ಲಿ ಅವರೂ ಸೆಪ್ಟಿಮಾ ಕ್ಲಾರ್ಕ್ ಎಂಬ ಅನುಭವಿ ಶಿಕ್ಷಕಿಯೂ ಸೇರಿ ಅಲ್ಲೊಂದು ‘ಪೌರತ್ವ ಶಾಲೆ’ ತೆರೆದರು. ಪಾಠ ಹೇಳಿದವರು ಕೇಶಾಲಂಕಾರದ ವೃತ್ತಿಯ ಬರ್ನೀಸ್ ರಾಬಿನ್ಸನ್. ಬಿಳಿಯರ ಕಣ್ಣಿಗೆ ಬೀಳದಿರಲೆಂದು ಸಹಕಾರಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ತರಗತಿ. ಸಹಿ ಹಾಕುವುದು, ಮನಿಯಾರ್ಡರ್ ಫಾರಂ ತುಂಬುವುದು, ಆಮೇಲೆ ಸಂವಿಧಾನ. ದಿನವಿಡೀ ದುಡಿದು ಬಂದ ವಯಸ್ಸಾದ ಹೆಂಗಸರು ಗಂಡಸರು ಪೆನ್ಸಿಲ್ ಹಿಡಿದು ಕಲಿತರು, ನೋಂದಣಿ ಮಾಡಿಸಿದರು. ಇಂಥ ಶಾಲೆಗಳು ಮುಂದೆ ದಕ್ಷಿಣದುದ್ದಕ್ಕೂ ಹರಡಿದವು. ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ಗೌರವ ಮೂಡಿಸುವ ಭಾಗ ಇದು. ಆದರೆ ಗಮನಿಸಿ, ಕಲಿಸಿದ್ದು ಪರೀಕ್ಷೆ ಇಟ್ಟ ಸರ್ಕಾರವಲ್ಲ. ವರ್ಣಭೇದ ವಿರೋಧಿ ಸಂಘಟನೆಯ ಸದಸ್ಯತ್ವ ಬಿಡಲಿಲ್ಲವೆಂದು ಸೆಪ್ಟಿಮಾ ಕ್ಲಾರ್ಕ್ ಅವರನ್ನು 1956ರಲ್ಲಿ ಶಿಕ್ಷಕಿಯ ಕೆಲಸದಿಂದಲೇ ತೆಗೆಯಲಾಗಿತ್ತು.

ಇನ್ನೂ ಮುಖ್ಯವಾದ ಸಂಗತಿ, ಜನ ಕಲಿತಷ್ಟೂ ಮೆಟ್ಟಿಲು ಎತ್ತರವಾಯಿತು. 1890ರಲ್ಲಿ ಅಮೆರಿಕದ ಕಪ್ಪು ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಅನಕ್ಷರಸ್ಥರು. 1930ರ ಹೊತ್ತಿಗೆ ಆ ಪ್ರಮಾಣ ಶೇ. 16ರಷ್ಟಕ್ಕೆ ಇಳಿದಿತ್ತು. ಓದು ಬಂದವರಿಗೆ ಮತ ಎಂಬ ಮಾತು ಪ್ರಾಮಾಣಿಕವಾಗಿದ್ದರೆ ಈ ನಲವತ್ತು ವರ್ಷಗಳಲ್ಲಿ ದಕ್ಷಿಣದ ಮತಪಟ್ಟಿ ತುಂಬಿ ತುಳುಕಬೇಕಿತ್ತು. ತುಂಬಲಿಲ್ಲ. ಓದಬಲ್ಲ ಕಪ್ಪು ಜನ ಹೆಚ್ಚಾದಾಗ ಮಿಸಿಸಿಪಿ 1954ರಲ್ಲಿ ನಿಯಮವನ್ನೇ ತಿದ್ದಿತು. ‘ಓದಬೇಕು ಇಲ್ಲವೇ ತಿಳಿಯಬೇಕು’ ಎಂದಿದ್ದುದು ‘ಓದಲೂ ಬೇಕು, ಬರೆಯಲೂ ಬೇಕು, ವಿವರಿಸಲೂ ಬೇಕು’ ಎಂದಾಯಿತು. ಆಗಲೇ ಪಟ್ಟಿಯಲ್ಲಿದ್ದವರಿಗೆ, ಎಂದರೆ ಬಹುಪಾಲು ಬಿಳಿಯರಿಗೆ, ಹೊಸ ನಿಯಮ ಅನ್ವಯಿಸಲಿಲ್ಲ. 1960ರಲ್ಲಿ ‘ಸನ್ನಡತೆ’ಯ ಷರತ್ತು ಬಂತು. 1962ರಲ್ಲಿ ಅರ್ಜಿದಾರರ ಹೆಸರನ್ನು ಎರಡು ವಾರ ಪತ್ರಿಕೆಯಲ್ಲಿ ಪ್ರಕಟಿಸುವ ಕಾನೂನು ಬಂತು. ಯಾರನ್ನು ಕೆಲಸದಿಂದ ತೆಗೆಯಬೇಕು ಎಂದು ತೋಟದ ಮಾಲೀಕರಿಗೆ ತಿಳಿಯಲು ಇದಕ್ಕಿಂತ ಅನುಕೂಲ ಬೇಕಿರಲಿಲ್ಲ. 1965ರ ಮತದಾನ ಹಕ್ಕು ಕಾಯ್ದೆ ಬರುವ ಮುನ್ನ ಮಿಸಿಸಿಪಿಯ ಅರ್ಹ ಕಪ್ಪು ಜನರಲ್ಲಿ ನೋಂದಾಯಿತರು ಶೇ. 6.7. ಕಾಯ್ದೆ ಅಲ್ಲಿನ ಪರೀಕ್ಷೆಯನ್ನು ಅಮಾನತಿನಲ್ಲಿಟ್ಟ ನಂತರ, 1967ರ ವೇಳೆಗೆ, ಶೇ. 59.8. ಎರಡು ವರ್ಷದಲ್ಲಿ ಯಾರೂ ಅಷ್ಟು ಅಕ್ಷರ ಕಲಿಯುವುದಿಲ್ಲ.

ಸರಿ, ಇದೆಲ್ಲ ಮೋಸದ ಪರೀಕ್ಷೆಗಳ ಕಥೆ. ಪ್ರಾಮಾಣಿಕ ಅಧಿಕಾರಿ, ಒಂದೇ ಪ್ರಶ್ನೆಪತ್ರಿಕೆ, ಎಲ್ಲರಿಗೂ ಒಂದೇ ಅಳತೆ ಇದ್ದರೆ? ನನ್ನ ಮಟ್ಟಿಗೆ ಎದುರಾಳಿಯ ಅತ್ಯಂತ ಬಲವಾದ ಪ್ರಶ್ನೆ ಇದು. 1959ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೀಗೆಯೇ ಯೋಚಿಸಿ, ಸಮಾನವಾಗಿ ಅನ್ವಯಿಸಿದ ಸಾಕ್ಷರತಾ ಪರೀಕ್ಷೆ ಸಂವಿಧಾನಬಾಹಿರವಲ್ಲ ಎಂದು ಒಮ್ಮತದಿಂದ ಹೇಳಿತು. ತೀರ್ಪು ಬರೆದದ್ದು ವಿಲಿಯಂ ಡಗ್ಲಾಸ್, ಆ ನ್ಯಾಯಾಲಯದ ಅತ್ಯಂತ ಉದಾರವಾದಿ ನ್ಯಾಯಮೂರ್ತಿಗಳಲ್ಲಿ ಒಬ್ಬರು. ಆದರೆ ಹತ್ತೇ ವರ್ಷದಲ್ಲಿ, 1969ರಲ್ಲಿ, ನಾರ್ತ್ ಕ್ಯಾರೊಲಿನಾದ ಗ್ಯಾಸ್ಟನ್ ಕೌಂಟಿಯ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೊಂದು ಸಂಗತಿಯನ್ನು ಕಂಡುಕೊಂಡಿತು. ಪರೀಕ್ಷೆಯನ್ನು ನಿಷ್ಪಕ್ಷಪಾತವಾಗಿ ನಡೆಸಿದರೂ, ದಶಕಗಳ ಕಾಲ ಕಪ್ಪು ಮಕ್ಕಳನ್ನು ಕೀಳು ಶಾಲೆಗಳಲ್ಲಿ ಬೇರೆಯಾಗಿ ಕೂರಿಸಿದ ಕೌಂಟಿ ಈಗ ಅವರ ಓದನ್ನು ಅಳೆಯುವುದು ಆ ಹಳೆಯ ಅನ್ಯಾಯವನ್ನೇ ಮುಂದುವರಿಸಿದಂತೆ ಎಂದಿತು. ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಸೌತ್ ಕ್ಯಾರೊಲಿನಾ 1740ರಲ್ಲೇ ಬರಹ ಕಲಿಸುವುದನ್ನು ನಿಷೇಧಿಸಿತ್ತು. ಶಾಲೆ ಕೊಡದವರೇ ಪ್ರಮಾಣಪತ್ರ ಕೇಳಿದಾಗ ಅಳತೆಗೋಲು ನೇರವಾಗಿದ್ದರೂ ಫಲ ನ್ಯಾಯವಾಗುವುದಿಲ್ಲ. ವಾಹನ ಪರವಾನಗಿಯ ಹೋಲಿಕೆಯೂ ಇಲ್ಲೇ ಮುರಿದುಬೀಳುತ್ತದೆ. ಪರವಾನಗಿ ಅನ್ಯಾಯವಾಗಿ ನಿರಾಕರಿಸಿದರೆ ಆ ವ್ಯವಸ್ಥೆಯನ್ನು ಬದಲಿಸುವ ಸರ್ಕಾರವನ್ನು ಆರಿಸಲು ನಮ್ಮ ಕೈಯಲ್ಲಿ ಓಟು ಇರುತ್ತದೆ. ಓಟನ್ನೇ ನಿರಾಕರಿಸಿದರೆ ಕೈಯಲ್ಲಿ ಏನಿರುತ್ತದೆ?

ಓದಿದವರ ಮತ ಹೆಚ್ಚು ವಿವೇಕದ್ದು ಎಂಬ ನಂಬಿಕೆಯ ಬಗ್ಗೆಯೂ ಎರಡು ಮಾತು. ತಿಳಿದು ಹಾಕಿದ ಓಟು ತಿಳಿಯದೆ ಹಾಕಿದ್ದಕ್ಕಿಂತ ಮೇಲು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಿಳಿವಳಿಕೆಯೂ ಅಕ್ಷರವೂ ಒಂದೇ ಅಲ್ಲ. ಅಂತರ್ಯುದ್ಧದ ನಂತರ, 1868ರ ಸುಮಾರಿಗೆ, ಮೊದಲ ಬಾರಿ ಮತ ಹಾಕಿದ ಮಾಜಿ ಗುಲಾಮರಲ್ಲಿ ಬಹುಪಾಲು ಜನರಿಗೆ ಓದಲು ಬರುತ್ತಿರಲಿಲ್ಲ. ಅವರು ಆರಿಸಿದ ಪ್ರತಿನಿಧಿಗಳೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಎಲ್ಲ ಮಕ್ಕಳಿಗೂ ಸಾರ್ವಜನಿಕ ಶಿಕ್ಷಣದ ವ್ಯವಸ್ಥೆಯನ್ನು ಕಾನೂನಾಗಿ ತಂದರು. ಅವರನ್ನು ಕೆಳಗಿಳಿಸಿ ಬಂದ ಸುಶಿಕ್ಷಿತರ ಸರ್ಕಾರಗಳು ಶಾಲೆಯ ಖರ್ಚನ್ನು ಕಡಿತಗೊಳಿಸಿದವು. ನಮ್ಮಲ್ಲೇ ನೋಡಿ, 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ ಒಟ್ಟು ಮತದಾನ ಶೇ. 73ರ ಆಸುಪಾಸಿನಲ್ಲಿದ್ದರೆ ಬೆಂಗಳೂರು ನಗರದ್ದು ಶೇ. 55ರ ಆಸುಪಾಸು. ನಗರದ ಮತಪಟ್ಟಿಯ ದೋಷಗಳೂ ಇದಕ್ಕೆ ಭಾಗಶಃ ಕಾರಣವಿರಬಹುದು, ಒಪ್ಪುತ್ತೇನೆ. ಆದರೂ ಓದು ಹೆಚ್ಚಿದಲ್ಲಿ ಜವಾಬ್ದಾರಿ ತಾನಾಗಿ ಹೆಚ್ಚುತ್ತದೆ ಎನ್ನುವವರಿಗೆ ಈ ಅಂಕಿ ನೆರವಾಗುವುದಿಲ್ಲ.

ಭಾರತಕ್ಕೂ ಈ ಬೇಲಿ ಅಪರಿಚಿತವಾಗಿರಲಿಲ್ಲ. 1935ರ ಕಾಯ್ದೆಯಲ್ಲಿ ಮತದ ಹಕ್ಕು ಆಸ್ತಿ, ತೆರಿಗೆ, ಓದುಗಳ ಮೇಲೆ ನಿಂತಿತ್ತು. ಸ್ವಾತಂತ್ರ್ಯದ ನಂತರ ಅದನ್ನು ಕಿತ್ತುಹಾಕಿದಾಗ ದೇಶದ ಸಾಕ್ಷರತೆ, 1951ರ ಜನಗಣತಿಯಂತೆ, ಶೇ. 18ರಷ್ಟು ಮಾತ್ರ, ಹೆಂಗಸರದ್ದು ಶೇ. 9ಕ್ಕೂ ಕಡಿಮೆ. ಮೊದಲ ಮಹಾಚುನಾವಣೆಯ ಮುಖ್ಯ ಆಯುಕ್ತ ಸುಕುಮಾರ್ ಸೇನ್ ಅವರ ಮುಂದಿದ್ದದ್ದು 17 ಕೋಟಿಗೂ ಹೆಚ್ಚು ಮತದಾರರು. ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಜೋಡೆತ್ತು, ಗುಡಿಸಲು ಮುಂತಾದ ಚಿಹ್ನೆ. ಮತದಾರ ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಆಯಿತು. ಇದನ್ನು ಓದುವಾಗಲೆಲ್ಲ ಸೌತ್ ಕ್ಯಾರೊಲಿನಾದ 1882ರ ಕಾನೂನು ನೆನಪಾಗುತ್ತದೆ. ಅಲ್ಲೂ ಎಂಟು ಪೆಟ್ಟಿಗೆಗಳಿದ್ದವು, ಒಂದೊಂದು ಹುದ್ದೆಗೆ ಒಂದೊಂದು. ಹೆಸರು ಓದಲಾಗದೆ ತಪ್ಪು ಪೆಟ್ಟಿಗೆಗೆ ಹಾಕಿದ ಮತ ಅಸಿಂಧು, ಮತದಾರರಿಗೆ ಗುರುತು ಸಿಗದಿರಲೆಂದು ಪೆಟ್ಟಿಗೆಗಳ ಸ್ಥಾನವನ್ನೂ ಬದಲಿಸಲಾಗುತ್ತಿತ್ತು. ಅನಕ್ಷರತೆ ಎರಡೂ ಕಡೆ ಇತ್ತು, ಪೆಟ್ಟಿಗೆಗಳೂ ಇದ್ದವು. ಅಲ್ಲಿನವರು ಅನಕ್ಷರಸ್ಥರನ್ನು ಸೋಸಿ ತೆಗೆಯಲು ಅವನ್ನು ಜೋಡಿಸಿದರು, ಇಲ್ಲಿನವರು ಸೇರಿಸಿಕೊಳ್ಳಲು ಜೋಡಿಸಿದರು.

ಹಾಗಿದ್ದರೆ ನಮ್ಮಲ್ಲಿ ಪ್ರಶ್ನೆ ಮುಗಿದಿದೆಯೆ? ಮತದಾರರ ಮಟ್ಟಿಗೆ ಮುಗಿದಿದೆ. ಸಂವಿಧಾನದ 326ನೇ ವಿಧಿ ಹೆಸರಿಸುವ ಅನರ್ಹತೆಗಳಲ್ಲಿ ಅನಕ್ಷರತೆ ಇಲ್ಲ. ಅಭ್ಯರ್ಥಿಗಳ ಮಟ್ಟಿಗೆ ಮುಗಿದಿಲ್ಲ. ಹಳ್ಳಿಯ ಅನಕ್ಷರಸ್ಥ ಮತದಾರರ ವಿವೇಕದಲ್ಲಿ ನಂಬಿಕೆಯಿಟ್ಟಿದ್ದ, ಸಂವಿಧಾನ ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದರೂ 1949ರ ನವೆಂಬರ್‌ನಲ್ಲಿ, ಶಾಸನ ಮಾಡುವವರಿಗೆ ಯಾವ ಅರ್ಹತೆಯನ್ನೂ ವಿಧಿಸಲಾಗಲಿಲ್ಲವಲ್ಲ ಎಂದು ವಿಷಾದಿಸಿದ್ದರು. ಅವರ ವಿಷಾದವನ್ನು ನಾನು ಗೌರವಿಸುತ್ತೇನೆ. ಆದರೆ 2015ರಲ್ಲಿ ಹರಿಯಾಣ ಮಾಡಿದ್ದನ್ನು ನೋಡಿ. ಪಂಚಾಯತಿ ಚುನಾವಣೆಗೆ ನಿಲ್ಲಲು ಹತ್ತನೇ ತರಗತಿ ಪಾಸಾಗಿರಬೇಕೆಂದು ಕಾನೂನು ಮಾಡಿತು. ಮಹಿಳೆಯರಿಗೂ ಪರಿಶಿಷ್ಟ ಜಾತಿಯವರಿಗೂ ಒಂದಿಷ್ಟು ರಿಯಾಯಿತಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಕಾನೂನಿಗೆ ಕೈಯೆತ್ತಿದ ಶಾಸಕರಿಗೆ ವಿಧಾನಸಭೆಗೆ ನಿಲ್ಲಲು ಯಾವ ತರಗತಿಯ ಷರತ್ತೂ ಇರಲಿಲ್ಲ, ಇಂದಿಗೂ ಇಲ್ಲ. ಹೊರಗುಳಿದವರಲ್ಲಿ ಹೆಚ್ಚಿನವರು ಶಾಲೆಯ ಮುಖ ಕಾಣುವ ಅವಕಾಶವೇ ಸಿಗದಿದ್ದ ಹೆಂಗಸರು, ದಲಿತರು. ನಿಯಮ ಮಾಡುವವರಿಗೆ ವಿನಾಯಿತಿ, ಶಾಲೆ ಸಿಗದವರಿಗೆ ಪರೀಕ್ಷೆ ಎಂಬ ಏರ್ಪಾಡನ್ನು ನಾವು ಲೂಯಿಸಿಯಾನಾದಲ್ಲಿ ಕಂಡಾಗ ಅನ್ಯಾಯ ಎನ್ನುತ್ತೇವೆ. ಇಂಥದ್ದೇ ಷರತ್ತು ತಂದಿದ್ದ ರಾಜಸ್ಥಾನ 2019ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಹರಿಯಾಣವೂ ಹಿಂತೆಗೆದುಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಅಂಥ ಪ್ರಸ್ತಾಪ ಎಂದಾದರೂ ಬಂದರೆ, ಅದರಿಂದ ಏನೂ ಕಳೆದುಕೊಳ್ಳದ ಓದಿದವರೇ ಮೊದಲು ಎದ್ದು ಬೇಡವೆನ್ನಬೇಕು ಎಂಬುದು ನನ್ನ ಕೋರಿಕೆ.